ನಾನು ದ್ವೀಪದ ಚರಿತ್ರೆ ಓದಿದ್ದು

"ನೀವು ಕನ್ನಡದವರಲ್ಲವಾ, ನೀವೇ ಹೋಗಿ" ಎಂದು ನಮ್ಮ ತಮಿಳು ಪತ್ರಿಕೆಯ ಸಂಪಾದಕರು ನನ್ನನ್ನು ಕೊಯಮತ್ತೂರಿನ ಆರ್.ಎಸ್. ಪುರಂಗೆ ಅಟ್ಟಿದರು. ಅಲ್ಲಿ ಮಗಳ ಮನೆಯಲ್ಲಿರುವ ಸುಶೀಲಕ್ಕ ಉಡುಪಿ ಕಡೆಯ ಸಮುದ್ರದಲ್ಲಿರುವ ಒಂದು ಪುಟ್ಟ ದ್ವೀಪದವರು. ಆ ದ್ವೀಪದ ಚರಿತ್ರೆಯನ್ನು ಅವರ ತಂದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ಸುಶೀಲಕ್ಕ ಅದನ್ನು ನನ್ನ ಕೈಗೆ ಕೊಟ್ಟರು. ನಾವು ನಾಲ್ಕು ತಲೆಮಾರಿನಿಂದ ಕೊಯಮತ್ತೂರಿನವರು. ಮನೆಯಲ್ಲಿ ಆಡುವುದು ಕನ್ನಡ, ಓದಿದ್ದೆಲ್ಲ ತಮಿಳು. ಕನ್ನಡದ ಒಂದಕ್ಷರವೂ ನನಗೆ ಬಾರದು. ಹೇಳಲು ನಾಚಿಕೆಯಾಗಿ ನಿಧಾನಕ್ಕೆ ಪುಟ ತಿರುಗಿಸಿದೆ, ನಡುನಡುವೆ ತಲೆದೂಗಿದೆ, ಕೊನೆಗೊಂದು ನಿಟ್ಟುಸಿರನ್ನೂ ಬಿಟ್ಟೆ.

"ಪಾಪ, ನಿಮ್ಮ ಜನ ರೊಂಬ ಕಷ್ಟ ಪಟ್ಟವ್ರೆ."

ಸುಶೀಲಕ್ಕ ಇಣುಕಿ ನೋಡಿದರು. "ಅದು ಬಂಗುಡೆ ಸಾರು ಮಾಡುವ ಕ್ರಮ ಮಾರಾಯ್ರೇ. ಚರಿತ್ರೆ ಹಿಂದಿನ ಪುಟಗಳಲ್ಲಿ ಉಂಟು."

ಆಮೇಲೆ, ಊರಿಗೆಲ್ಲ ಒಂದೇ ಬಾವಿ, ಒಂದೇ ದೋಣಿ ಇದ್ದ ಕಾಲದಿಂದ ಅವರೇ ಓದಿ ಹೇಳಿದರು. ನಾನು ಆ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡೆ.

ಈ ಅನುಭವವನ್ನೂ ನಾನು ಹೇಳುತ್ತಿದ್ದೇನೆ ಅಷ್ಟೆ, ಬರೆದುಕೊಳ್ಳುತ್ತಿರುವವರು ಸುಶೀಲಕ್ಕನೇ. ಬಂಗುಡೆಯ ವಿಷಯ ಮಾತ್ರ ಬಿಟ್ಟುಬಿಡಿ ಎಂದು ಬೇಡಿಕೊಂಡೆ. "ಆಯ್ತು ಮಾರಾಯ್ರೇ" ಅಂದಿದ್ದಾರೆ. ಬಿಟ್ಟಿದ್ದಾರೋ ಇಲ್ಲವೋ, ಓದುತ್ತಿರುವ ನೀವೇ ಹೇಳಬೇಕು.