ರಾಮದುರ್ಗದಾಕಿಯ ರಿಂಗ್‌ಟೋನು

ಅವ್ವನಿಗೆ ಅಕ್ಷರ ಬಾರದು. ಅದು ಅವಳಿಗೆ ಯಾವತ್ತೂ ಕೊರತೆ ಅನಿಸಿಲ್ಲ. ಅನಿಸಿದ್ದು ನನಗೆ, ನನ್ನ ಹಳೆಯ ಮೊಬೈಲನ್ನು ಅವಳ ಕೈಗೆ ಕೊಟ್ಟ ಮೇಲೆ. ಯಾರ ಫೋನು ಬಂದರೂ ಮಗಳದೇ ಎಂದುಕೊಂಡು ಎತ್ತುತ್ತಿದ್ದಳು. ಸಾಲ ಬೇಕೇನ್ರಿ ಎಂದು ಕೇಳಲು ಫೋನು ಮಾಡಿದ ಯಾವುದೋ ಕಂಪನಿಯ ಹುಡುಗಿಗೆ ಮದುವೆ ಆಗಿದೆಯೋ ಇಲ್ಲವೋ ಎಂದು ವಿಚಾರಿಸಿ, ಮಸಾಲೆ ಖಾರಕ್ಕೆ ಏನೇನು ಹುರಿದು ಹಾಕಬೇಕೆಂದು ಹೇಳಿಕೊಟ್ಟಿದ್ದಳು. ಆ ಹುಡುಗಿಯೂ ಪಾಪ ಕೇಳಿಸಿಕೊಂಡಿದ್ದಳು. ನಾನು ಹೊಲಿಗೆ ಮಷೀನಿನ ಮುಂದೆ ಕುಳಿತು ಹಲ್ಲು ಕಡಿಯುತ್ತಿದ್ದೆ.

ನಾವು ನಾಲ್ವರು ಹೆಣ್ಣುಮಕ್ಕಳು. ನಮ್ಮ ಮನೆಯಲ್ಲಿ ಮಗಳನ್ನು ಕೊಟ್ಟ ಮೇಲೆ ಹೆಸರು ಹಿಡಿದು ಕರೆಯುವುದು ಕಡಿಮೆ, ಕೊಟ್ಟ ಊರೇ ಅವಳ ಹೆಸರು. ಅವ್ವನ ಬಾಯಲ್ಲಿ ನನ್ನ ಅಕ್ಕಂದಿರು ಕಿತ್ತೂರಾಕಿ, ಸವದತ್ಯಾಕಿ, ರಾಮದುರ್ಗದಾಕಿ. ನಾನು ಗಂಡನ ಮನೆಯಲ್ಲಿ ಬಾಳದೆ ಬೈಲಹೊಂಗಲಕ್ಕೇ ವಾಪಸು ಬಂದವಳು, ಹಾಗಾಗಿ ನನಗೆ ಊರಿಲ್ಲ. ನಾನು ಬರೀ 'ಈಕಿ'. ಬ್ಲೌಸ್ ಹೊಲಿಯುತ್ತೇನೆ, ಅವ್ವನನ್ನು ನೋಡಿಕೊಳ್ಳುತ್ತೇನೆ, ಸಿಟ್ಟು ಮಾಡುತ್ತೇನೆ.

ಒಬ್ಬೊಬ್ಬ ಅಕ್ಕನಿಗೂ ಅವಳದೇ ದನಿಯ ರಿಂಗ್‌ಟೋನು ಮಾಡಿ ಇಡುವ ಯೋಚನೆ ನನ್ನದೇ. ದನಿ ಕೇಳಿದರೆ ಯಾರ ಫೋನೆಂದು ಅವ್ವನಿಗೆ ತಿಳಿಯುತ್ತದೆ, ಬೇರೆ ಯಾರದಾದರೂ ಬಂದರೆ ಎತ್ತುವುದಿಲ್ಲ. ಅಕ್ಕಂದಿರಿಗೆ ವಾಟ್ಸಾಪಿನಲ್ಲಿ ಹೇಳಿದೆ, ಅವ್ವನನ್ನು ಕರೆದಂತೆ ಒಂದು ಮಾತು ಹೇಳಿ ಕಳಿಸಿರಿ ಎಂದು. ಕಿತ್ತೂರಾಕಿ ಸಾಲಿಯಲ್ಲಿ ಹಾಜರಿ ಹೇಳಿದಂತೆ "ಅವ್ವಾ, ಕಿತ್ತೂರಿಂದ ಮಾತಾಡಾಕ ಹತ್ತೇನಿ" ಎಂದು ಕಳಿಸಿದಳು. ಸವದತ್ಯಾಕಿ ಕಳಿಸಿದ್ದರಲ್ಲಿ ಅವಳ ದನಿಗಿಂತ ದೇವಿಯ ಗುಡ್ಡಕ್ಕೆ ಹೊರಟ ಭಕ್ತರ ಉಧೋ ಉಧೋ ಜಾಸ್ತಿ ಇತ್ತು. ಇನ್ನೊಮ್ಮೆ ಮಾಡು ಎಂದರೆ, ಇಲ್ಲಿ ದಿನಾ ಇದೇ ಗದ್ದಲ, ಬೇಕಾದರೆ ಇಟ್ಟುಕೋ ಎಂದಳು.

ರಾಮದುರ್ಗದಾಕಿ ನನಗಿಂತ ಎರಡು ವರ್ಷ ದೊಡ್ಡವಳು, ನಮ್ಮಲ್ಲಿ ಎಲ್ಲರಿಗಿಂತ ಬಾಯಿಬಡಕಿ. ಅವಳು ಉದ್ದ ಮಾತು ಕಳಿಸಿದಳು. "ಅವ್ವಾ, ಎಲ್ಲಿ ಹ್ವಾದಿ? ಎತ್ತಬೇ ಲಗೂನ. ನಾ ಅದೇನಿ, ರಾಮದುರ್ಗದಾಕಿ." ಆಮೇಲೆ ತನ್ನ ಮಾತಿಗೆ ತಾನೇ ನಕ್ಕಿದ್ದಳು.

ರಿಂಗ್‌ಟೋನು ಮಾಡುವ ಆ್ಯಪಿನಲ್ಲಿ ಕತ್ತರಿಯ ಚಿತ್ರ ಇರುತ್ತದೆ. ದನಿ ಉಬ್ಬುತಗ್ಗಿನ ಗೆರೆಯಾಗಿ ಕಾಣುತ್ತದೆ, ಎರಡೂ ತುದಿಗೆ ಬೆರಳಿಟ್ಟು ಬೇಡವಾದದ್ದನ್ನು ಕತ್ತರಿಸಬೇಕು. ನನಗೆ ಅದು ಅರಿವೆ ಕತ್ತರಿಸಿದಷ್ಟೇ ಸಲೀಸಾಗಿ ಬಂತು. ಮೊದಲಿನ ಕೆಮ್ಮು, ಕುಕ್ಕರಿನ ಸೀಟಿ ತೆಗೆದೆ. ಕೊನೆಯ ನಗುವನ್ನೂ ತೆಗೆಯಬೇಕೆಂದಿದ್ದೆ, ಅವ್ವ ಬೇಡ ಎಂದಳು. ಹೀಗೆ ಮೂವರ ದನಿ ಮೂವರ ನಂಬರಿಗೆ ಹಚ್ಚಿ ಕೊಟ್ಟೆ. ಓಣಿಯ ಹೆಂಗಸರು ಬಂದು ಕೇಳಿ ಹೋದರು, ಕೆಲವರು ತಮಗೂ ಮಾಡಿಸಿಕೊಂಡರು.

ಎರಡು ವರ್ಷದ ಹಿಂದೆ ರಾಮದುರ್ಗದಾಕಿಗೆ ಕಾಮಣಿ ಆಯಿತು. ಮೊದಲು ಗಿಡಮೂಲಿಕೆ ಕುಡಿಸಿದರು, ಪಥ್ಯ ಮಾಡಿಸಿದರು, ಆಮೇಲೆ ಬೆಳಗಾವಿಯ ಆಸ್ಪತ್ರೆಗೆ ಒಯ್ದರು. ನಾನು ಹೋಗಿ ನೋಡಿ ಬಂದಿದ್ದೆ, ಕಣ್ಣು ಅರಿಶಿನದಂತಾಗಿದ್ದವು. ಮರುದಿನ ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಫೋನು ಬಂತು. "ಅವ್ವಾ, ಎಲ್ಲಿ ಹ್ವಾದಿ? ಎತ್ತಬೇ ಲಗೂನ." ಅವ್ವ ಮೊರ ಬಿಟ್ಟು ಎದ್ದಳು. ಅವಳ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

"ಆರಾಮ ಆದ್ಲು ನೋಡ, ತಾನ ಫೋನ್ ಹಚ್ಯಾಳ" ಎಂದು ನನಗೆ ಹೇಳಿ ಎತ್ತಿದಳು.

ಆ ಕಡೆ ಇದ್ದದ್ದು ಅಕ್ಕನ ಗಂಡ. ಅಕ್ಕನ ಫೋನಿನಿಂದಲೇ ಹಚ್ಚಿದ್ದ. ಅವಳು ಹೋದ ಸುದ್ದಿ ಅವಳ ದನಿಯಲ್ಲೇ ಮನೆಗೆ ಬಂತು. ನಾನು ಬೆರಳಿಟ್ಟು ಕತ್ತರಿಸಿ, ಚೊಕ್ಕ ಮಾಡಿ ಇಟ್ಟಿದ್ದ ದನಿಯಲ್ಲಿ. ದೇವರು ಅನ್ನುವವನು ಇದ್ದರೆ ಅವನಿಗೆ ಇಷ್ಟು ಹೊಲಸು ಬುದ್ಧಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ಅಕ್ಕನಿಗೆ ಮೂರು ವರ್ಷದ ಮಗಳಿದ್ದಳು. ಕೂಸಿನ ಸಲುವಾಗಿ ಅಕ್ಕನ ಗಂಡ ವರ್ಷ ಕಳೆದ ಮೇಲೆ ಇನ್ನೊಂದು ಮದುವೆಯಾದ. ನಾವೂ ಹೂಂ ಎಂದೆವು. ನಮ್ಮಲ್ಲಿ ಎರಡನೆಯವಳಿಗೆ ಸತ್ತವಳ ತವರೂ ತವರೇ. ಮದುವೆಯಾದ ಮೇಲೆ ಆ ಹುಡುಗಿ ನಮ್ಮ ಮನೆಗೆ ಬಂದಳು, ಅವ್ವ ಅವಳಿಗೆ ಸೀರೆ ಉಡಿಸಿ ಉಡಿ ತುಂಬಿದಳು. "ಇನ್ನ ಮ್ಯಾಲೆ ನೀನೂ ನನ್ನ ಮಗಳವಾ" ಎಂದಳು. ಹುಡುಗಿ ಅವ್ವನ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ. ನಾನು ಅವಳಲ್ಲಿ ತಪ್ಪು ಹುಡುಕಬೇಕೆಂದು ಕಾದಿದ್ದೆ, ಸಿಗಲಿಲ್ಲ.

ಆ ಮನೆಯಲ್ಲಿ ಅಕ್ಕನ ಫೋನೇ ಈಗ ಅವಳ ಕೈಗೆ ಬಂದಿತ್ತು, ಅದೇ ನಂಬರು. ಕೂಸಿನಿಂದ ಮಾತಾಡಿಸಲು ದಿನಾ ಸಂಜೆ ಅವ್ವನಿಗೆ ಹಚ್ಚುತ್ತಿದ್ದಳಂತೆ. ಅಂತೆ ಎನ್ನುವುದು ಯಾಕೆಂದರೆ ಸಂಜೆ ನಾನು ಹೊಲಿದ ಬ್ಲೌಸುಗಳನ್ನು ಪೇಟೆಯ ಅಂಗಡಿಗೆ ಕೊಡಲು ಹೋಗಿರುತ್ತಿದ್ದೆ. ಒಂದು ದಿನ ಅಕ್ಕನ ಗಂಡ ನನಗೇ ಫೋನು ಮಾಡಿದ.

"ಅತ್ತಿಯವರಿಗೆ ನಮ್ಮ ಮ್ಯಾಲೆ ಸಿಟ್ಟೈತೇನ್ರಿ? ಎಷ್ಟ ಹಚ್ಚಿದ್ರೂ ಎತ್ತೂದಿಲ್ಲ. ಕೂಸು ಅಜ್ಜಿ ಅಜ್ಜಿ ಅಂತ ಕಾಯ್ತೈತಿ, ಆಮ್ಯಾಲೆ ಅಳತೈತಿ. ಇನ್ನ ಹಚ್ಚೂದ ಬಿಡತೇವ್ರಿ."

ಮೊಮ್ಮಗಳೆಂದರೆ ಪ್ರಾಣ ಬಿಡುವವಳು ಅವ್ವ. ನನಗೆ ನಂಬಿಕೆಯೇ ಆಗಲಿಲ್ಲ. ಮರುದಿನ ಸಂಜೆ ಪೇಟೆಗೆ ಹೊರಟಂತೆ ಮಾಡಿ ಬೇಗ ತಿರುಗಿ ಬಂದೆ. ಅವ್ವ ಪಡಸಾಲೆಯಲ್ಲಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅದು ಮಾತಾಡುತ್ತಿತ್ತು. "ಅವ್ವಾ, ಎಲ್ಲಿ ಹ್ವಾದಿ?" ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಅವ್ವ ಪ್ರತಿ ಸಲವೂ ಮೆಲ್ಲಗೆ "ಇಲ್ಲೇ ಅದೇನಿ, ಇಲ್ಲೇ ಅದೇನಿ" ಎನ್ನುತ್ತಿದ್ದಳು. ಫೋನು ನಿಂತಿತು.

"ಯಾಕ ಎತ್ತವಲ್ಲಿ?" ಎಂದು ಕೂಗಾಡಿದೆ.

"ಎತ್ತಿದ್ರ ಆಕಿ ದನಿ ನಿಂತಬಿಡತೈತಿ" ಎಂದಳು ಅವ್ವ. "ನನ್ನ ಕೈಲೇನ ಆಕಿ ಬಾಯಿ ಮುಚ್ಚಲೇನ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೊಸಿಲ ಮೇಲೇ ಕುಳಿತುಬಿಟ್ಟೆ. ಆಮೇಲೆ ಉಪಾಯ ಹೇಳಿದೆ. ಆ ದನಿಯನ್ನು ಬೇರೆ ಇಟ್ಟು ಕೊಡುತ್ತೇನೆ, ಬೇಕಾದಾಗ ಒತ್ತಿ ಕೇಳು, ನಂಬರಿಗೆ ಮಾತ್ರ ಬೇರೆ ರಿಂಗು ಹಚ್ಚೋಣ. ಒತ್ತಿ ಕೇಳಿಸಿಯೂ ತೋರಿಸಿದೆ. ಅವ್ವ ಕೇಳಿ ತಲೆ ಅಲ್ಲಾಡಿಸಿದಳು.

"ಇದು ನಾವು ಆಕಿನ್ನ ಕರದಂಗ. ಅದು ಆಕಿ ನನ್ನ ಕರದಂಗ. ಎರಡೂ ಒಂದ ಅಲ್ಲ."

ರಾಮದುರ್ಗದವರಿಗೆ ಏನೆಂದು ಹೇಳುವುದು? ಆ ಹುಡುಗಿಗೆ, ನೀನು ಹಚ್ಚಿದಾಗೆಲ್ಲ ಇಲ್ಲಿ ಸತ್ತವಳು ಮಾತಾಡುತ್ತಾಳೆ ಎಂದು ಹೇಳಲು ಬಾಯಿ ಬರಲಿಲ್ಲ. ಅವ್ವನಿಗೆ ಕಿವಿ ಮಂದವಾಗಿದೆ ಎಂದು ಸುಳ್ಳು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ, ಫೋನುಗಳು ಕಡಿಮೆಯಾದವು. ಅವ್ವ ಸಂಜೆಯಾದರೆ ಫೋನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದಳು. ನೀನು ಇರುವ ಮೊಮ್ಮಗಳನ್ನೂ ಕಳಕೊಳ್ಳುತ್ತೀ ಎಂದು ಒಮ್ಮೆ ಅಂದುಬಿಟ್ಟೆ. ಆ ದಿನ ಅವಳು ಊಟ ಮಾಡಲಿಲ್ಲ.

ಈ ಸಲ ಪಂಚಮಿಗೆ ನಾನೇ ರಾಮದುರ್ಗಕ್ಕೆ ಹೋಗಿ ಕೂಸನ್ನು ಕರಕೊಂಡು ಬಂದೆ. ಈಗ ಐದು ವರ್ಷ, ಕೈಬಾಯಿ ಎರಡೂ ಅಕ್ಕನವೇ. ಬಸ್ಸಿನಲ್ಲಿ ಸವದತ್ತಿ ದಾಟುವವರೆಗೆ ನನ್ನ ತಲೆ ತಿಂದಳು. ಮನೆಗೆ ಬಂದವಳು ಅಜ್ಜಿಯ ತೊಡೆ ಏರಿ ಶೇಂಗಾ ಉಂಡಿ ತಿನ್ನುತ್ತಿದ್ದಾಗ ಫೋನು ಬಂತು. "ಅವ್ವಾ, ಎಲ್ಲಿ ಹ್ವಾದಿ? ಎತ್ತಬೇ ಲಗೂನ."

ನಾನು ಅಡುಗೆಮನೆಯಿಂದ ಇಣುಕಿದೆ. ಕೂಸು ತಿನ್ನುವುದನ್ನು ಬಿಟ್ಟು ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಯಾರಬೇ ಅಜ್ಜಿ, ಈಕಿ?"

ತನ್ನ ತಾಯಿಯ ದನಿ ಅವಳಿಗೆ ಗೊತ್ತಾಗಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ಫೋನಿನ ಮೇಲೆ ಮೂಡಿದ ನಂಬರು ನೋಡಿ, "ನಮ್ಮ ಮನಿ ನಂಬರ ಅಜ್ಜಿ, ಅವ್ವ ಹಚ್ಯಾಳ. ಎತ್ತ, ನೀ ಎತ್ತಲಿಲ್ಲಂದ್ರ ಆಕಿ ಒಳಗ ಹೋಗಿ ಅಳತಾಳ" ಎಂದಳು.

ಅವ್ವ ಎತ್ತಿದಳು. ದನಿ ಅರ್ಧಕ್ಕೇ ನಿಂತಿತು. "ಹೇಳವಾ" ಎಂದಳು ಅವ್ವ. "ಮುಟ್ಯಾಳ, ಉಂಡಿ ತಿನ್ನಾಕ ಹತ್ಯಾಳ. ಹಬ್ಬಕ್ಕ ನೀನೂ ಬರಬೇಕಿತ್ತಲ್ಲ? ನಾಳೆ ಬಾ, ನಿನ್ನ ತವರಮನಿ ಐತಿ ಇದು." ಆ ಕಡೆಯ ಹುಡುಗಿ ಏನು ಹೇಳಿದಳೋ, ಅವ್ವ ಬಹಳ ಹೊತ್ತು "ಅಳಬ್ಯಾಡ, ಅಳಬ್ಯಾಡ" ಎನ್ನುತ್ತಲೇ ಇದ್ದಳು.

ಹುಡುಗಿ ಬಂದಳು, ಹಬ್ಬ ಮುಗಿಸಿಕೊಂಡು ಕೂಸನ್ನು ಕರೆದುಕೊಂಡು ಹೋದಳು. ಅವರ ಬಸ್ಸು ಹೊರಟ ಮೇಲೆ ಅವ್ವ ಫೋನನ್ನು ನನ್ನ ಮುಂದೆ ಇಟ್ಟಳು. "ತಗದಬಿಡು" ಎಂದಳು. ನಾನು ಎರಡೆರಡು ಸಲ ಕೇಳಿದೆ, ಅದನ್ನೇ ಹೇಳಿದಳು. ಆ ನಂಬರಿಗೆ ಫೋನಿನಲ್ಲಿ ಮೊದಲೇ ಇರುವ ಸಾದಾ ಗಂಟೆಯನ್ನು ಹಚ್ಚಿದೆ. ಒಮ್ಮೆ ಬಾರಿಸಿ ಕೇಳಿಸಿದೆ.

ಅವ್ವ ಫೋನನ್ನು ತಿರುವಿ ತಿರುವಿ ನೋಡಿದಳು.

"ಹಂಗಾರ ಇನ್ನ ಆಕಿ ಫೋನ್ ಬರೂದಿಲ್ಲ, ಹೌದಿಲ್ಲೋ?"

"ಇಲ್ಲವಾ" ಎಂದೆ.

ಅಕ್ಕನನ್ನು ಮಣ್ಣು ಮಾಡಿದ ದಿನವೂ ಹನಿ ಕಣ್ಣೀರು ಹಾಕದಿದ್ದ ಅವ್ವ ಆಗ ಅತ್ತಳು. ಓಣಿಯವರೆಲ್ಲ ಏನಾಯಿತೆಂದು ಬಾಗಿಲಿಗೆ ಬಂದು ನಿಲ್ಲುವಷ್ಟು ದೊಡ್ಡ ದನಿ ತೆಗೆದು, ಈಗಷ್ಟೇ ಸುದ್ದಿ ಬಂದವಳಂತೆ ಅತ್ತಳು.