ಹೊಳೆಯ ಮರಳಿನ ಮೇಲೆ ಇಳಿದ ವಿಮಾನ

ಭಾವನವರ ಎಡಗೈಯಲ್ಲಿ, ಮೊಣಕೈಗೆ ಸ್ವಲ್ಪ ಕೆಳಗೆ, ಹಗ್ಗ ಹೊಸೆದಿಟ್ಟ ಹಾಗೆ ಒಂದು ನರ ಉಬ್ಬಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಸ್ಪತ್ರೆಯಲ್ಲಿ ಮಾಡಿಕೊಟ್ಟ ನರ. ಬೆರಳಿಟ್ಟರೆ ಒಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತದೆ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದವರೇ ಅದನ್ನು ಮುಟ್ಟಿ ನೋಡಿಕೊಂಡು, “ಇಂಜಿನ್ ಚಾಲೂ ಐತವ್ವಾ, ಚಾ ತಾ” ಎಂದು ಕೂಗುವರು. ಆ ಕೂಗು ಕೇಳಿದ ಮೇಲೆಯೇ ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದದ್ದು. ಇವತ್ತಿನ ಮಟ್ಟಿಗೆ ಒಂದು ದಯೆ ಆಯಿತು ಅಂತ.

ಅವರು ನಮ್ಮ ಯಜಮಾನರ ಅಣ್ಣ. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂಡುವ ಹಾಗಿಲ್ಲ, ದನಿ ಎತ್ತುವ ಹಾಗಿಲ್ಲ. ಕೋಣೆಯ ಹೊಸ್ತಿಲಲ್ಲಿ ಚಹಾ ಇಟ್ಟು, ಬಳೆ ಸದ್ದು ಮಾಡಿ ಹಿಂದೆ ಸರಿಯಬೇಕು. ಹಾಗಾಗಿ ಅವರು ಕಂಪ್ಯೂಟರಿನಲ್ಲಿ ವಿಮಾನ ಹಾರಿಸಿದ್ದನ್ನೆಲ್ಲ ನಾನು ನೋಡಿದ್ದು ಬಾಗಿಲ ಮರೆಯಿಂದ.

ನಾನು ಮದುವೆಯಾಗಿ ಬಂದಾಗ ಆ ಕೋಣೆಯಲ್ಲಿದ್ದದ್ದು, ಇನ್‌ಸ್ಟಿಟ್ಯೂಟಿನವರು ಹಳೆಯದೆಂದು ತೆಗೆದುಹಾಕಿದ ಕಂಪ್ಯೂಟರ್. ವಿಮಾನ ಹಾರಿಸುವ ಆಟದ ಫ್ಲಾಪಿ ಹಾಕಿದರೆ ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು ಏಳುತ್ತಿದ್ದವು. ಗೆರೆಯ ಗುಡ್ಡ, ಗೆರೆಯ ರನ್‌ವೇ, ರಂಗೋಲಿ ಬಿಟ್ಟು ಬಣ್ಣ ತುಂಬುವುದನ್ನು ಮರೆತ ಹಾಗೆ. ಅದರಲ್ಲಿದ್ದದ್ದು ಅಮೆರಿಕದ ಊರುಗಳು ಮಾತ್ರ. ಆಮೇಲೆ ಸೀಡಿಗಳು ಬಂದವು, ಬಣ್ಣ ಬಂತು, ಬೆಂಗಳೂರಿನ ನಿಲ್ದಾಣವೂ ಬಂತು. ಆದರೆ ಅಲ್ಲಿಂದ ನಮ್ಮ ಕಡೆ ಹಾರಿ ಬಂದರೆ ಒಂದೇ ಥಾನಿನ ಬಟ್ಟೆ ಹಾಸಿದಂತೆ ಹಸಿರೋ ಹಸಿರು. ಅದರ ಮುಂದಿನದರಲ್ಲಿ ತುಂಗಭದ್ರೆಯೇನೋ ಬಂದಳು, ಕಾಲುವೆಯ ಹಾಗೆ ನೆಟ್ಟಗೆ, ದಡದಲ್ಲಿ ಹರಿಹರವೇ ಇಲ್ಲದೆ.

ಹೊಸದು ಯಾವುದು ಬರಲಿ, ಭಾವನವರು ಮೊದಲು ಹುಡುಕುತ್ತಿದ್ದದ್ದು ಹರಿಹರದ ಹೊಳೆಯ ತಿರುವನ್ನು.

“ಬಂತೇನ್ರೀ ನಮ್ಮ ಹೊಳಿ?” ಅಡಿಗೆಮನೆಯಿಂದ ಅವರ ಹೆಂಡತಿ, ನನ್ನ ಪಾಲಿನ ಅಕ್ಕ, ಕೇಳುತ್ತಿದ್ದರು.

“ಇಲ್ಲ ಬಿಡು. ಇದನ್ನ ಮಾಡಿದೋರಿಗೆ ಇನ್ನೂ ಗೊತ್ತಾಗಿಲ್ಲ, ನಾವು ಇಲ್ಲಿ ಅದೀವಿ ಅಂತ.”

ಅಕ್ಕ ನಗುತ್ತಿರಲಿಲ್ಲ. ಅವರ ಒಬ್ಬನೇ ಮಗ ಆ ಹೊಳೆಯಲ್ಲಿ, ಸೇತುವೆಯಿಂದ ಸ್ವಲ್ಪ ಕೆಳಕ್ಕೆ, ಮರಳು ತೆಗೆದ ಗುಂಡಿಗೆ ಜಾರಿ ಮುಳುಗಿದ್ದ. ನಾನು ಈ ಮನೆಗೆ ಬರುವುದಕ್ಕೂ ಮೊದಲು. ಅಂದಿನಿಂದ ಭಾವನವರು ಹರಿಹರದ ಸೇತುವೆ ದಾಟಿರಲಿಲ್ಲ. ರಾಣೆಬೆನ್ನೂರಿನ ನೆಂಟರ ಮದುವೆಗಳಿಗೆ ಅಕ್ಕ ಒಬ್ಬರೇ ಹೋಗಿ ಅಕ್ಷತೆ ಹಾಕಿ ಬರುತ್ತಿದ್ದರು. ದಡದಲ್ಲಿ ನಿಂತು ನೋಡಲಾಗದ ಹೊಳೆಯನ್ನು ಭಾವನವರು ಮೇಲಿನಿಂದಾದರೂ ನೋಡಬೇಕು ಅಂತಿದ್ದರು.

ಅಕ್ಕ ತೀರಿಕೊಂಡರು. ಸಕ್ಕರೆ ಕಾಯಿಲೆ ಭಾವನವರ ಕಿಡ್ನಿ ತಿಂದಿತು, ಆಮೇಲೆ ಎರಡೂ ಕಣ್ಣು. ಅವರಿಗೆ ಪೂರ್ತಿ ಕತ್ತಲಾದ ಮೇಲೆ ಬಂತು, ಉಪಗ್ರಹದ ಫೋಟೋದಿಂದ ಇಡೀ ಭೂಮಿಯನ್ನೇ ತುಂಬಿಸಿದ ಹೊಸ ಸಾಫ್ಟ್‌ವೇರ್. ಫೋನಿನಲ್ಲಿ ಸುದ್ದಿ ಕೇಳಿದವರೇ ಅದು ಬೇಕೇ ಬೇಕೆಂದು ಹಟ ಹಿಡಿದರು.

“ಕಣ್ಣಿಲ್ಲದಾಗ ಅದೆಲ್ಲಾ ಯಾಕಣ್ಣಾ?” ಎಂದರು ನಮ್ಮ ಯಜಮಾನರು.

“ನಂಗೆ ಕಣ್ಣಿಲ್ಲ ಅಂತ ಹೊಳಿ ಬರೋದು ಬ್ಯಾಡೇನು?”

ರಿಪೇರಿಯವರು ಬಂದು ಕೂಡಿಸಿಕೊಟ್ಟರು. ನಮ್ಮ ಕಂಪ್ಯೂಟರಿಗೆ ತಾಕತ್ತು ಸಾಲದೆಂದು ಮನೆ ಮರಗಳು ಎದ್ದು ನಿಲ್ಲುವುದನ್ನು ತೆಗೆದುಬಿಟ್ಟಿದ್ದರು. ಎಲ್ಲವೂ ನೆಲಕ್ಕೆ ಅಂಟಿಸಿದ ಫೋಟೋ. ಯಜಮಾನರು ಅಂಗಡಿಗೆ ಹೋದ ಮೇಲೆ ಭಾವನವರು ನನ್ನನ್ನು ಕರೆದರು.

“ಬಾರವ್ವಾ, ಪಕ್ಕದಾಗೆ ಕುಂದ್ರು. ನೀ ನೋಡಿ ಹೇಳು, ನಾ ಹಾರಿಸ್ತೀನಿ.”

“ನಿಮ್ಮೆದುರಿಗೆ ಹೆಂಗ್ರಿ ಭಾವಾರೆ...”

“ನಂಗೆ ಕಾಣೋದೇ ಇಲ್ಲ. ನೀ ಕುಂತರೇನು, ನಿಂತರೇನು? ಸೊಂಟ ನೋಯೋದು ನಿಂದೇ.”

ಕುರ್ಚಿಯ ತುದಿಯಲ್ಲಿ ಕೂತೆ. ಎತ್ತರ ತೋರಿಸುವ ಗಡಿಯಾರ ಯಾವುದು, ವೇಗದ್ದು ಯಾವುದು ಎಂದು ಹೇಳಿಕೊಟ್ಟರು. ಹುಬ್ಬಳ್ಳಿಯಿಂದ ಎದ್ದು ಹೆದ್ದಾರಿಯ ಗುಂಟ ಬಂದೆವು. ರಾಣೆಬೆನ್ನೂರು ದಾಟಿ ಸ್ವಲ್ಪ ಹೊತ್ತಿಗೆ ನನಗೆ ಸೇತುವೆ ಕಂಡಿತು.

“ಭಾವಾರೆ, ಹೊಳಿ.”

ವಿಮಾನ ಒಮ್ಮೆ ಓಲಾಡಿತು. “ನೀರು ಎಷ್ಟೈತೆ?”

ಆ ಫೋಟೋ ಕಡುಬೇಸಿಗೆಯಲ್ಲಿ ತೆಗೆದದ್ದು. “ನೀರೆಲ್ಲೈತ್ರಿ. ಬರೀ ಮರಳು. ನಡುವೆ ಸೀರೆ ಅಂಚಿನಷ್ಟು ಹರೀತೈತೆ.”

“ಮಳೆಗಾಲದಾಗೆ?”

“ಫೋಟೋ ಅಲ್ಲೇನ್ರಿ. ಯಾವಾಗ್ಲೂ ಹಿಂಗೇ.”

“ಹಂಗಾರೆ ಇದರಾಗೆ ಯಾರೂ ಮುಳುಗಂಗಿಲ್ಲ” ಎಂದರು. ಮತ್ತೆ, “ಸೇತುವೆಯಿಂದ ಕೆಳಕ್ಕೆ, ದಾವಣಗೆರೆ ದಡದ ಕಡೆ. ಅಲ್ಲೇ ಇಳೀಬೇಕು ನಾನು.”

ಆಗಲೇ ಅವರ ಮೈ ಡಯಾಲಿಸಿಸ್ ತಾಳುತ್ತಿರಲಿಲ್ಲ. ನಡುವೆಯೇ ಬಿಪಿ ಬಿದ್ದು ಮಷೀನು ನಿಲ್ಲಿಸುತ್ತಿದ್ದರು. ಇನ್ನು ಹೆಚ್ಚು ದಿನ ಹೇಳಲಾಗದು ಎಂದು ಡಾಕ್ಟರು ಯಜಮಾನರನ್ನು ಹೊರಗೆ ಕರೆದು ತಿಳಿಸಿದ್ದರು. ಭಾವನವರಿಗೂ ಗೊತ್ತಿತ್ತು. ಆಸ್ಪತ್ರೆಯಿಲ್ಲದ ದಿನ ಮಧ್ಯಾಹ್ನ ನಾವಿಬ್ಬರೂ ಹೊಳೆಗೆ ಹೋಗುತ್ತಿದ್ದೆವು, ಪ್ರತಿ ಸಲವೂ ನೆಲಕ್ಕೆ ಬಡಿಯುತ್ತಿದ್ದೆವು. ತಪ್ಪಿದ್ದದ್ದು ಅವರ ಕೈಯಲ್ಲ. “ಭಾವಾರೆ, ಸ್ವಲ್ಪ ಮೂಗು ಮ್ಯಾಲೆ ಮಾಡಿದರೆ ಚಲೋ ಏನೋರಿ...” ಎಂದು ನಾನು ಸೆರಗು ಸರಿಮಾಡಿಕೊಂಡು ಹೇಳಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಗಿರುತ್ತಿತ್ತು.

“ನಂಗೆ ಮರ್ಯಾದೆ ಕೊಟ್ಟು ಕೊಟ್ಟು ಕೊಂದೆ ನೋಡು! ಎತ್ತು ಅನ್ನು. ಎಡಕ್ಕೆ ಅನ್ನು. ಎತ್ತಿಗೆ ಹೇಳಿದಂಗೆ ಹೇಳು.”

ಕೊನೆಗೊಂದು ಭಾನುವಾರ ನಾನು ಕೂಗಿಯೇ ಕೂಗಿದೆ. “ಎಡಕ್ಕೆ! ಇನ್ನೂ ಎಡಕ್ಕೆ! ಸಾಕು. ಇಳಿಸು, ಇಳಿಸು... ಎತ್ತು! ಎತ್ತು ಅಂದೆ!” ಪಡಸಾಲೆಯಲ್ಲಿದ್ದ ಯಜಮಾನರು ಓಡಿಬಂದು, “ಅಣ್ಣಗೆ ಹಿಂಗಾ ಮಾತಾಡೋದು?” ಎಂದು ಬಾಗಿಲಲ್ಲೇ ನಿಂತುಬಿಟ್ಟರು. ಪರದೆ ಕಪ್ಪಾಗಲಿಲ್ಲ. ಗಾಲಿ ಮರಳು ಮುಟ್ಟಿ, ಕುಲುಕಿ, ನಿಂತಿತು.

“ಇಂಜಿನ್ ಬಂದ್ ಮಾಡವ್ವಾ.”

ಮಾಡಿದೆ. ಮೇಲಿನ ಫ್ಯಾನಿನ ಸದ್ದಷ್ಟೇ ಉಳಿಯಿತು.

“ಯಾರಾದ್ರೂ ಅದಾರೇನು ಅಲ್ಲಿ?”

ಸುಳ್ಳು ನನಗೆ ಬರುವುದಿಲ್ಲ. “ಯಾರೂ ಇಲ್ರಿ.”

“ಗುಂಡಿ?”

“ಗುಂಡೀನೂ ಇಲ್ರಿ ಭಾವಾರೆ. ಎಲ್ಲಾ ಸಪಾಟು ಐತೆ.”

ಕಾಣದ ಕಣ್ಣನ್ನು ಪರದೆಯ ಕಡೆಗೇ ಇಟ್ಟುಕೊಂಡು ಕೂತಿದ್ದರು. “ಇಲ್ಲೇ ಇರ್ಲಿ ಇದು. ಮತ್ತೆ ಎಬ್ಬಿಸಬ್ಯಾಡ.”

ಆ ವಾರವೇ ಒಂದು ಬೆಳಿಗ್ಗೆ ಕೂಗು ಕೇಳಲಿಲ್ಲ. ಚಹಾ ಹಿಡಿದು ಹೊಸ್ತಿಲಲ್ಲಿ ಕಾದೆ, ಬಳೆ ಸದ್ದು ಮಾಡಿದೆ. ಆಮೇಲೆ ಒಳಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಅವರ ಕೈ ಮುಟ್ಟಿದೆ. ಆ ನರದಲ್ಲಿ ಏನೂ ಗುಂಯ್‌ಗುಡುತ್ತಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು, ಸೂಜಿ ಇಲ್ಲದೆ, ಮಷೀನಿಲ್ಲದೆ. ಅದನ್ನೂ ದಯೆಯ ಲೆಕ್ಕಕ್ಕೇ ಹಾಕಿದ್ದೇನೆ.

ಅಸ್ಥಿ ಬಿಡಲು ಹರಿಹರಕ್ಕೆ ಹೋದಾಗ ಮಳೆಗಾಲ. ಹೊಳೆ ಕೆಂಪಗೆ, ದಡ ತುಂಬಿ ಓಡುತ್ತಿತ್ತು. ಮರಳಿನ ಸುಳಿವೇ ಇಲ್ಲ. ಯಜಮಾನರು ಮಡಕೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. “ಎಲ್ಲಿ ಬಿಟ್ಟರೂ ಒಂದೇ, ಇಲ್ಲೇ ಬಿಡ್ರಿ” ಎಂದರು ಪುರೋಹಿತರು.

ಆ ನೀರಿನ ಅಡಿಯಲ್ಲಿ ನಾವು ಇಳಿದ ಜಾಗ ನನಗೆ ಗೊತ್ತಿತ್ತು.

“ಅಲ್ಲಿ ಬ್ಯಾಡ,” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. “ಎಡಕ್ಕೆ. ಇನ್ನೂ ಎಡಕ್ಕೆ.”

ಯಜಮಾನರು ಒಮ್ಮೆ ತಿರುಗಿ ನೋಡಿದರು. ನಾನು ಹೇಳಿದಂತೆ ದಡದ ಗುಂಟ ಸರಿದರು.

“ಸಾಕು. ಇಳಿಸ್ರಿ.”