ಹಲಸಿನ ಹಣ್ಣಿಗೆ ಹೋದ ಐದು ಪರ್ಸೆಂಟ್

ಗುಲಾಬಿ ತೀರಿಕೊಂಡು ಬರುವ ಆಗಸ್ಟಿಗೆ ಒಂದು ವರ್ಷ. ಬೇಗಾರಿನ ಕಡೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು ಅವಳು. ಅಲ್ಲಿ ಓದಿದ ಮಕ್ಕಳಿಗೆ ಅವಳ ಹೆಸರು ಹೇಳಿದರೆ ಸಾಂಬಾರು ನೆನಪಾಗುತ್ತದೆ. ನನಗೆ ಹಲಸಿನ ಹಣ್ಣು ನೆನಪಾಗುತ್ತದೆ. ಆ ಹಣ್ಣಿನ ಕತೆಯನ್ನು ಅವಳು ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿ ನಗಿಸುತ್ತಿದ್ದಳು. ಈಗ ಅದನ್ನು ಪೂರ್ತಿ ಹೇಳಲು ಉಳಿದವಳು ನಾನೊಬ್ಬಳೇ ಆದ್ದರಿಂದ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದನೇ ಕ್ಲಾಸಿನಿಂದ ಹತ್ತರ ತನಕ ಒಂದೇ ಬೆಂಚು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅವಳಿಗೆ ಸರಿಯಾಗಿ ಮೂವತ್ತೈದು ಬಂತು. "ಒಂದು ಕಮ್ಮಿ ಆಗಿದ್ರೆ ಫೇಲು, ಒಂದು ಜಾಸ್ತಿ ಆಗಿದ್ರೆ ವೇಸ್ಟು. ಹೆಂಗೆ ನನ್ನ ಲೆಕ್ಕ?" ಎಂದಿದ್ದಳು. ಮುಂದೆ ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳಾದೆ, ಅವಳು ತೋಟದ ಕೂಲಿಗೆ ಹೋಗಿ, ಆಮೇಲೆ ಶಾಲೆಯ ಅಡುಗೆಮನೆ ಸೇರಿದಳು. ಮದುವೆಯಾಗಲಿಲ್ಲ. ಅಣ್ಣ ಧರ್ಮಪ್ಪನ ಮನೆಯಲ್ಲಿದ್ದಳು.

ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ಎಡಗಣ್ಣಿಗೆ ಮಂಜು ಕವಿದಂತಾಯಿತು. ಎರಡು ವಾರಕ್ಕೆ ತಾನಾಗಿ ಸರಿಹೋಯಿತು. ಮುಂದಿನ ವರ್ಷ ಬಲಗಾಲು ಜೋಮು ಹಿಡಿದದ್ದು ಬಿಡಲೇ ಇಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದರು. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದು ಹೋಗುವ ಕಾಯಿಲೆ. ಸವೆದ ಜಾಗದಲ್ಲಿ ಸುದ್ದಿ ಮುಂದಕ್ಕೆ ದಾಟುವುದಿಲ್ಲ. ನಾನು ಓದಿ ತಿಳಿದುಕೊಂಡು ಇದನ್ನೆಲ್ಲ ವಿವರಿಸಿದಾಗ ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಪಂಪ್‌ಸೆಟ್ಟಿನ ವೈರು ಇಲಿ ಕಡಿದ ಹಂಗೆ ಅನ್ನು. ಅದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?"

ಆ ವೈರಿಗೆ ಶಾಖ ಆಗುತ್ತಿರಲಿಲ್ಲ. ಮೈ ಬಿಸಿಯಾದರೆ ಕಾಲು ಎಳೆಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಬೆರಳು ಹಿಡಿದದ್ದನ್ನು ಬಿಡುತ್ತಿತ್ತು. ತಂಪಾದರೆ ಮತ್ತೆ ಸುಮಾರಾಗಿ ನಡೆಯುತ್ತಿದ್ದಳು. ಬೆಳಿಗ್ಗೆ ನೆಟ್ಟಗೆ ಹೋದವಳು ಮಧ್ಯಾಹ್ನ ಗೋಡೆ ಹಿಡಿದು ಬರುವುದನ್ನು ಕಂಡ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಕದಿಯುವ ಉಪಾಯ ಎಂದವರೂ ಉಂಟು. ಅಂಥದ್ದರಲ್ಲಿ ಒಂದು ದಿನ ಯಾರೂ ಬಿಡಿಸದೆ ತಾನೇ ಕೆಲಸ ಬಿಟ್ಟಳು. ಯಾಕೆಂದು ಕೇಳಿದರೆ, "ಸಾಕಾಯ್ತು ಮಾರಾಯ್ತಿ, ಈರುಳ್ಳಿ ಹೆಚ್ಚಿ ಹೆಚ್ಚಿ" ಎಂದಳು.

ಹದಿನಾರರಿಂದ ದುಡಿದವಳು. ಮಾತ್ರೆಗೂ ಅಣ್ಣನ ಮುಂದೆ ಕೈಯೊಡ್ಡುವಂತಾದದ್ದು ಅವಳಿಗೆ ಕಾಯಿಲೆಗಿಂತ ಕಷ್ಟವಾಯಿತು. ಧರ್ಮಪ್ಪ ಒಳ್ಳೆಯವನು, ಕೇಳುವ ಮುಂಚೆಯೇ ಕೊಡುತ್ತಿದ್ದ. ಅದಕ್ಕೇ ಇನ್ನೂ ಕಷ್ಟ. ಈ ಕಾಯಿಲೆಗೂ ಅಂಗವಿಕಲರ ಪಿಂಚಣಿ ಉಂಟು ಎಂದು ನಾನು ಕಾನೂನಿನ ಪುಸ್ತಕ ಹುಡುಕಿ ಓದಿ ಹೇಳಿದೆ. ವೈದ್ಯಕೀಯ ಮಂಡಳಿ ನಲವತ್ತು ಪರ್ಸೆಂಟ್ ಎಂದು ಬರೆದುಕೊಟ್ಟರೆ ಸಾಕು. ಕೊಪ್ಪದಲ್ಲಿ ಒಂದು ಸಭಾಭವನದಲ್ಲಿ ಜುಲೈ ತಿಂಗಳು ತಪಾಸಣೆಯ ಶಿಬಿರ ಇತ್ತು.

ಆ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಜಡೆ ಬಿಗಿದು ತಯಾರಾಗಿದ್ದಳು. ಪಕ್ಕದಲ್ಲಿ ಗೋಣಿಚೀಲ. ಚೀಲದಲ್ಲಿ ಬಕ್ಕೆ ಹಲಸಿನ ಹಣ್ಣು, ಏನಿಲ್ಲವೆಂದರೂ ಎಂಟು ಕಿಲೋ.

"ಇದು ಎಂತಕ್ಕೆ?"

"ಡಾಕ್ಟರಿಗೆ."

"ಏ, ಅದು ಲಂಚ ಆಗುತ್ತೆ ಕಣೇ."

"ಹಲಸಿನ ಹಣ್ಣು ಲಂಚ ಆಗುತ್ತೇನೆ? ಒಬ್ಬರ ಹತ್ರ ಕೆಲಸ ಇಟ್ಕೊಂಡು ಬರಿಗೈಲಿ ಹೋಗೋದು ಹೆಂಗೆ? ನಮ್ಮನೆ ಮರದ್ದು."

ನಮ್ಮ ಕಡೆ ಹಾಗೇ. ಜೋರು ಮಳೆ, ಬಸ್ಸಿನಲ್ಲಿ ಹಣ್ಣು ನನ್ನ ತೊಡೆಯ ಮೇಲೆ. ಇಳಿದ ಮೇಲೆ ನನ್ನ ಸೊಂಟದ ಮೇಲೆ. ಅವಳು ನನ್ನ ಭುಜ ಹಿಡಿದು ನಿಧಾನ ಬಂದಳು. ಶಿಬಿರದ ಬಾಗಿಲಲ್ಲಿ ಅವಳ ಹೆಸರು ಕೂಗಿದರು. "ಇಲ್ಲಿ ಕೊಡು. ಕೊಡೋದು ನಮ್ಮ ಕೈಯಿಂದಲೇ ಆಗ್ಬೇಕು" ಎಂದು ಚೀಲ ಕೇಳಿದಳು. ನಾನು ಕೊಟ್ಟೆ. ಬಾಗಿಲಿನಿಂದ ಡಾಕ್ಟರ ಮೇಜಿಗೆ ಹತ್ತು ಹೆಜ್ಜೆ. ಹಲ್ಲು ಕಚ್ಚಿ, ನೆಟ್ಟಗೆ ನಡೆದು, ಹಣ್ಣನ್ನು ಮೇಜಿನ ಪಕ್ಕ ಇಟ್ಟು, ಕೈಮುಗಿದಳು.

ಡಾಕ್ಟರು ಹಣ್ಣನ್ನೊಮ್ಮೆ ಅವಳನ್ನೊಮ್ಮೆ ನೋಡಿದರು. ಹಣ್ಣು ಬೇಡ, ವಾಪಸು ಒಯ್ಯಿ ಎಂದರು. ಆಮೇಲೆ ಕೇಳುತ್ತಾ ಹೋದರು.

"ನಡೆಯೋದಕ್ಕೆ ಹೇಗೆ?"

"ಅಡ್ಡಿಲ್ಲ."

"ಮೆಟ್ಟಿಲು ಹತ್ತೋದು?"

"ಅಡ್ಡಿಲ್ಲ."

"ಕಣ್ಣು?"

"ಅಡ್ಡಿಲ್ಲ. ನಿಮ್ಮ ದಯೆ."

ಹೊರಗೆ ಬಂದ ಮೇಲೆ ನಾನು ಬೈದೆ. "ಅಷ್ಟು ಓದಿದವರ ಎದುರು ಅಳುತ್ತಾ ಕೂರೋದು ಚಂದವಾ? ರಿಪೋರ್ಟ್ ಇದೆಯಲ್ಲ, ನೋಡ್ಕೊಳ್ತಾರೆ" ಎಂದಳು. ಮನೆಗೆ ಬಂದು ಎರಡು ದಿನ ಮಲಗಿದಲ್ಲಿಂದ ಏಳಲಿಲ್ಲ. ಹಣ್ಣನ್ನು ಧರ್ಮಪ್ಪ ಕೊಯ್ದ.

ಪಿಂಚಣಿಯ ಅರ್ಜಿ ತಿರಸ್ಕಾರವಾದ ಸುದ್ದಿ ಹೇಳಿದವನು ನಾಡಕಚೇರಿಯ ವಿಘ್ನೇಶ. "ಅಕ್ಕಾ, ನಲವತ್ತು ಬೇಕಿತ್ತು. ನಿಮ್ಮದು ಮೂವತ್ತೈದು."

"ಮೂವತ್ತೈದಕ್ಕೆ ಪಾಸಲ್ವನಾ?"

"ಇಲ್ಲಿ ನಲವತ್ತಕ್ಕೆ ಪಾಸು."

"ಗ್ರೇಸ್ ಮಾರ್ಕ್ಸೂ ಇಲ್ಲ ಮಾರಾಯ?"

ಅವನು ನಗುತ್ತಾ ಷರಾದ ಸಾಲು ತೋರಿಸಿದ. ಅದರಲ್ಲಿ, ಅರ್ಜಿದಾರರು ಭಾರವಾದ ಹೊರೆಯನ್ನು ಸ್ವತಃ ಹೊತ್ತು ನೆರವಿಲ್ಲದೆ ನಡೆದು ಬಂದಿರುತ್ತಾರೆ ಎಂದಿತ್ತು. ಗುಲಾಬಿ ಅದನ್ನು ಎರಡು ಸಲ ಓದಿದಳು. "ಐದು ಪರ್ಸೆಂಟ್ ಹಲಸಿನ ಹಣ್ಣಿಗೇ ಹೋಯ್ತು ನೋಡು" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ಚೀಲ ಕೈಗೆ ಕೊಟ್ಟವಳು ನಾನು. ಬಸ್ಸಿನಲ್ಲಿ ಕೂತ ಮೇಲೆ ಅವಳ ನಗುವೂ ನಿಂತಿತು. "ಈಗ ಊರಿನವರು ಹೇಳಿದ್ದು ಸರ್ಕಾರವೂ ಬರೆದು ಕೊಟ್ಟ ಹಂಗಾಯ್ತಲ್ಲ ರೇಖಾ" ಎಂದಳು.

ಮೇಲ್ಮನವಿಗೆ ತೊಂಬತ್ತು ದಿನ ಇತ್ತು. ಅದನ್ನು ಬರೆಯಲು ಕೂತಾಗ ನನ್ನ ನಿಜವಾದ ಎದುರಾಳಿ ಗುಲಾಬಿಯೇ ಎಂದು ಗೊತ್ತಾಯಿತು. ನಡೆಯಲು ಅಸಮರ್ಥಳು ಎಂದು ಓದಿದರೆ, "ಏ, ಹಂಗೆ ಬರೀಬೇಡ. ಊರಿಗೆ ಗೊತ್ತಾದ್ರೆ?" ಎನ್ನುತ್ತಿದ್ದಳು.

"ಇದು ಊರಿಗಲ್ಲ, ಮಂಡಳಿಗೆ."

"ಮಂಡಳಿಯವರು ಮನುಷ್ಯರಲ್ವಾ? ಓದಿ ಬೇಜಾರು ಮಾಡ್ಕೊಳ್ತಾರೆ."

ಕೊನೆಗೆ ಅವಳನ್ನು ಕೇಳುವುದನ್ನೇ ಬಿಟ್ಟೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ನಲವತ್ತು ದಿನ ಕಂಡದ್ದನ್ನು ಕಂಡಹಾಗೆ ಬರೆದೆ. ಸೋಮವಾರ, ಬಿಸಿನೀರು ಮಿಂದು ಬಚ್ಚಲಿನಿಂದ ಬರುವಾಗ ಬಿದ್ದಳು, ಅರ್ಧ ಗಂಟೆ ಬಲಗಾಲು ಇಲ್ಲ. ಗುರುವಾರ, ಒಲೆಯ ಮುಂದೆ ಹತ್ತು ನಿಮಿಷ, ಕೈಯಿಂದ ಲೋಟ ಜಾರಿತು. ಅವಳು ಇಣುಕಿ ನೋಡಿ ತಕರಾರು ತೆಗೆಯುತ್ತಿದ್ದಳು: "ಕಾಲು ಇಲ್ಲ ಅಂತ ಯಾಕೆ ಬರೆದೆ? ಕಾಲು ಅಲ್ಲೇ ಇತ್ತಲ್ಲ. ಮಾತು ಕೇಳ್ಲಿಲ್ಲ ಅಷ್ಟೆ." ನಾನು ಹಾಗೆಯೇ ತಿದ್ದಿದೆ. ಅವಳ ವಾಕ್ಯ ನನ್ನದಕ್ಕಿಂತ ಸರಿಯಿತ್ತು.

ಮರುತಪಾಸಣೆಗೆ ಕರೆ ಬಂದದ್ದು ಏಪ್ರಿಲ್ ತಿಂಗಳು, ನರಸಿಂಹರಾಜಪುರಕ್ಕೆ. ಈ ಸಲ ಹೊರಡುವ ಮುಂಚೆ ನಾನು ಅವಳ ಚೀಲ ತಪಾಸಣೆ ಮಾಡಿದೆ. ಒಂದು ಮಿಡಿ ಉಪ್ಪಿನಕಾಯಿಯ ಬಾಟಲಿ ಸಿಕ್ಕಿತು. ತೆಗೆದಿಟ್ಟೆ. ಕೊಪ್ಪ ದಾಟುವ ತನಕ ನನ್ನ ಹತ್ತಿರ ಮಾತಾಡಲಿಲ್ಲ.

ಅಲ್ಲಿದ್ದವರು ನರರೋಗ ತಜ್ಞೆ ಡಾಕ್ಟರ್ ಅರ್ಪಣಾ, ನಮಗಿಂತ ಹತ್ತು ವರ್ಷ ಚಿಕ್ಕವರು. ಸ್ಕ್ಯಾನ್ ನೋಡಿದರು, ನನ್ನ ನೋಟ್‌ಬುಕ್ಕಿನ ಪುಟ ತಿರುವಿದರು, ಹಳೆಯ ಷರಾ ಓದಿದರು. ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ, "ಅದೇನು ಹೊರೆ?"

"ಹಲಸಿನ ಹಣ್ಣು ಮೇಡಂ" ಎಂದಳು ಗುಲಾಬಿ. "ಬಾಗಿಲ ತನಕ ಇವಳು ಹೊತ್ತದ್ದು. ಒಳಗೆ ಮಾತ್ರ ನಾನು."

"ಈ ಸಲ ತಂದಿಲ್ವಾ?"

"ಇವಳು ಬಿಡ್ಲಿಲ್ಲ."

ಡಾಕ್ಟರ್ ನಕ್ಕರು. ಆಮೇಲೆ ಅವಳನ್ನು ಹೊರಗಿನ ಉದ್ದ ಜಗಲಿಯಲ್ಲಿ ನಡೆಸಿದರು. ಮೇಲೆ ತಗಡಿನ ಮಾಡು, ಹೊತ್ತು ಹನ್ನೆರಡೂವರೆ. ಮೊದಲ ಸುತ್ತು ಚೆನ್ನಾಗಿಯೇ ನಡೆದಳು, ಬೇಕಂತಲೇ ಬೀಸಿ ನಡೆದಳು. ಎರಡನೆಯದಕ್ಕೆ ಬಲಗಾಲಿನ ಬೆರಳು ನೆಲ ಕೆರೆಯಿತು. ನಾಲ್ಕನೆಯದಕ್ಕೆ ಕಂಬ ಹಿಡಿದಳು.

"ಹೇಗಿದೆ ಈಗ?"

"ಅಡ್ಡಿಲ್ಲ" ಎಂದಳು ಗುಲಾಬಿ, ಕಂಬ ಬಿಡದೆ.

ಡಾಕ್ಟರ್ ಅವಳನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. "ಶಾಲೆಯ ಕೆಲಸ ಯಾಕೆ ಬಿಟ್ಟಿರಿ?"

ಈರುಳ್ಳಿಯ ಉತ್ತರ ಬರುತ್ತದೆ ಎಂದುಕೊಂಡೆ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಸಾಂಬಾರಿನ ಪಾತ್ರೆ ಇಳಿಸುವಾಗ ಕೈ ಬಿಟ್ಟುಹೋಯ್ತು ಮೇಡಂ. ಮಕ್ಕಳು ತಟ್ಟೆ ಹಿಡ್ಕೊಂಡು ಸಾಲು ನಿಂತಿದ್ರು. ಒಂದು ಗೇಣು ಆಚೆ ಚೆಲ್ಲಿತು. ಒಂದೇ ಗೇಣು. ಅವತ್ತು ಯಾರಿಗೂ ಏನೂ ಆಗ್ಲಿಲ್ಲ. ನಾಳೆ ಆಗ್ತಿತ್ತು. ಅದಕ್ಕೆ ಬಿಟ್ಟೆ."

ಇದು ನನಗೆ ಗೊತ್ತಿರಲಿಲ್ಲ. ನನ್ನ ನಲವತ್ತು ದಿನದ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

"ಇದನ್ನ ಮೊದಲು ಯಾಕೆ ಹೇಳಲಿಲ್ಲ?" ಎಂದರು ಡಾಕ್ಟರ್.

"ಯಾರೂ ಕೇಳ್ಲಿಲ್ಲ. ಹೇಗಿದ್ದೀಯ ಅಂತ ಮಾತ್ರ ಕೇಳಿದ್ರು."

ಐವತ್ತೈದು ಎಂದು ಬರೆದ ಪ್ರಮಾಣಪತ್ರ ಅಕ್ಟೋಬರಿನಲ್ಲಿ ಬಂತು. ವಿಘ್ನೇಶ ಫೋನು ಮಾಡಿದಾಗ ಅವಳು ನಮ್ಮ ಗ್ರಂಥಾಲಯದಲ್ಲೇ ಇದ್ದಳು. "ಸೆಕೆಂಡ್ ಕ್ಲಾಸು ಮಾರಾಯ್ತಿ! ನನ್ನ ಜನ್ಮದಲ್ಲಿ ಮೊದಲ ಸಲ!" ಎಂದು ಕಿರುಚಿದಳು. ಪೇಪರ್ ಓದುತ್ತಿದ್ದ ಇಬ್ಬರು ಬೆಚ್ಚಿಬಿದ್ದರು. ಮೊದಲ ಪಿಂಚಣಿಯಲ್ಲಿ ಮಾತ್ರೆ ತಂದಳು, ಧರ್ಮಪ್ಪನಿಗೆ ಒಂದು ಛತ್ರಿ ತಂದಳು. ಊರಿನವರು ಆಮೇಲೆ ಅವಳು ಗೋಡೆ ಹಿಡಿದು ನಡೆದಾಗ ದಾರಿ ಬಿಡುತ್ತಿದ್ದರು. ಕಾಗದ ಬಂದ ಮೇಲೆ ನಿಮ್ಮ ಕಣ್ಣಿಗೆ ನನ್ನ ಕಾಲು ನಿಜವಾಗಿಯೇ ಕೆಟ್ಟಿತು ಎಂದು ಅವರನ್ನು ಅವಳು ಹಂಗಿಸುತ್ತಿದ್ದಳು.

"ಈಗ ಕೆಲಸ ಮುಗೀತಲ್ಲ, ಇನ್ನು ಲಂಚ ಆಗಲ್ಲ. ಡಾಕ್ಟರಿಗೆ ಹಣ್ಣು ಕೊಡ್ಬೇಕು" ಎನ್ನುವುದೊಂದು ಬಾಕಿ ಇತ್ತು. ಮುಂದಿನ ಹಲಸಿನ ಕಾಲಕ್ಕೆ ಅವಳು ಮಲಗಿದ್ದಳು. ಕಾಯಿಲೆ ಇನ್ನೊಂದು ಸಲ ಜೋರಾಗಿ ಬಂದಿತ್ತು. "ಬರೋ ವರ್ಷ ಹೋಗೋಣ, ಮರ ಎಲ್ಲಿಗೂ ಹೋಗಲ್ಲ" ಎಂದಳು. ಆಗಸ್ಟಿನಲ್ಲಿ ಕಫ ಎದೆಗಿಳಿದು ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಐದನೇ ದಿನ ನಾನು ಹೇಗಿದ್ದೀಯ ಎಂದು ಕೇಳಲಿಲ್ಲ. ಎಲ್ಲಿ ನೋವು ಎಂದು ಕೇಳಿದೆ. ಬೆನ್ನು ಎಂದಳು. ಉಜ್ಜುತ್ತಾ ಕೂತೆ. ಮಾರನೆಯ ದಿನ ಹೋದಳು. ನಲವತ್ತಾರು ವರ್ಷ.

ಡಾಕ್ಟರ್ ಅರ್ಪಣಾ ತಿಂಗಳ ಮೊದಲ ಶನಿವಾರ ನರಸಿಂಹರಾಜಪುರಕ್ಕೆ ಬಂದು ರೋಗಿಗಳನ್ನು ನೋಡುತ್ತಾರೆ. ಮೊನ್ನೆ ಜೂನಿನಲ್ಲಿ ಧರ್ಮಪ್ಪ ಮರ ಹತ್ತಿ ಹಣ್ಣು ಇಳಿಸಿಕೊಟ್ಟ. ಅದೇ ಮರ, ಅದೇ ಗಾತ್ರ. ಬಸ್ಸಿನಲ್ಲಿ ತೊಡೆಯ ಮೇಲೆ, ಇಳಿದ ಮೇಲೆ ಸೊಂಟದ ಮೇಲೆ. ಕ್ಲಿನಿಕ್ಕಿನ ಬಾಗಿಲಿಗೆ ಬಂದು ನಿಂತೆ. ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಎಡಕ್ಕೆ ಚಾಚಿಯೂ ಬಿಟ್ಟೆ, ತೆಗೆದುಕೊಳ್ಳುವವಳು ಅಲ್ಲಿ ನಿಂತಿದ್ದಾಳೆ ಎಂಬಂತೆ.

ಒಳಗೆ ಡಾಕ್ಟರ್ ತಲೆ ಎತ್ತಿ ನೋಡಿದರು. ಹಣ್ಣು ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

ಉಳಿದ ಹತ್ತು ಹೆಜ್ಜೆಯನ್ನೂ ನಾನೇ ಹೊತ್ತೆ.